ಮೈಕಿನ ಬೆನ್ನು

ಬಾ ಯಮನೂರ, ಮೊದಲು ವೈರು ಸುತ್ತೋದು ಕಲಿ.
ಮೊಣಕೈಗೆ ಸುತ್ತಬ್ಯಾಡ, ಒಳಗ ತಾಮ್ರ ಮುರಿತೈತಿ.
ಅದು ತಾನಾಗೇ ಹೆಂಗ ಮಲಗತೈತಿ ಹಂಗ ಮಲಗಸು,
ಒಂದು ಸುತ್ತು ಹಿಂಗ, ಒಂದು ಸುತ್ತು ಹಂಗ.

ಇದು ಮೈಕು. ಉಗುರಿಲೆ ಬಡೀಬ್ಯಾಡ,
ಫೂ ಅಂತ ಊದಬ್ಯಾಡ, ಒಲಿ ಅಲ್ಲ ಇದು.
ಹಲೋ ಹಲೋ ಅಂತ ಒದರೋದಕಿಂತ
ನಿಮ್ಮವ್ವನ ಹೆಸರು ಹೇಳು, ಮುಂಜಾನೆ ಏನು ತಿಂದಿ ಹೇಳು.
ಮಾತಾಡೋ ದನಿಲೇ ಅಳತಿ ಹಿಡೀಬೇಕು.

ಬಾಯಿಗೂ ಮೈಕಿಗೂ ನಡುವ ಒಂದು ಚೋಟು.
ಪುಢಾರಿ ಬಂದ್ರ ಗೇಣು.
ಜಲ್ಮದಾಗ ಮೊದಲ ಸಲ ನಿಂತವರಿಗೆ ನಾಕೇ ಬೆರಳು,
ಅವರು ಹೆಂಗೂ ಹಿಂದ ಸರೀತಾರ,
ನೀನೇ ಸ್ಟ್ಯಾಂಡು ಹಿಡಕೊಂಡು ಮೆಲ್ಲಕ ಹತ್ತರ ಹೋಗು.

ನೇರ ಇಡಬ್ಯಾಡ. ಗದ್ದದ ಹಂತೇಕ, ಒಂಚೂರು ಓರೆ.
ಪ ಅನ್ನೋದು ಅಕ್ಷರ ಅಲ್ಲ, ಕಲ್ಲು.
ಭಾಷಣ ಅಂತ ಮಹಾಪ್ರಾಣ ಒತ್ತಿದ್ರಂತೂ
ಹಾರ್ನಿನಾಗ ತೆಂಗಿನಕಾಯಿ ಒಡೆದಂಗ.
ನಮ್ಮ ಮಂದಿ ಬಾಷಣ ಅಂತಾರ, ಉಸಿರು ಉಳಸ್ತಾರ.
ಕಾರಟಗಿ ಸಾಲಿಯ ಕನ್ನಡ ಮಾಸ್ತರು ಒಮ್ಮೆ ಅಂದ್ರು:
ಸಾವಿರ ವರ್ಷದ ಹಿಂದ ಹಾಲಿಗೆ ಪಾಲು ಅಂತಿದ್ರಂತ,
ಹಲ್ಲಿಗೆ ಪಲ್ಲು, ಹುಲಿಗೆ ಪುಲಿ.
ಮೈಕು ಹುಟ್ಟೋಕಿಂತ ಮೊದಲೇ ಯಾರೋ ಪುಣ್ಯಾತ್ಮ
ಇಡೀ ನುಡಿಯ ಬಾಯಿ ಓರೆ ಮಾಡಿಬಿಟ್ಟಾನ.

ಹಾರ್ನು ಮುಂದ, ಮೈಕು ಹಿಂದ.
ತನ್ನ ದನಿ ತಾನೇ ಕೇಳಿಸ್ಕೊಂಡ್ರ ಮೈಕು ಕುಂಯ್ ಅಂತ ಕಿರಚತೈತಿ.
ಹಂಗ ಕಿರಚೋ ಮಂದೀನೂ ಅದಾರ,
ಅವರಿಗೆ ನನ್ನ ಹಂತೇಕ ಗುಂಡಿ ಇಲ್ಲ.

ಈಗ ಇಲ್ಲಿ ಮುಟ್ಟು.
ಇದಕ್ಕೂ ಬೆನ್ನೈತಿ. ಬೆನ್ನು ಕಿವುಡು.
ಆ ಕಿವುಡನ್ನ ಯಾರ ಕಡೆ ತಿರುಗಸ್ತಿ
ಅನ್ನೋದೇ ನಮ್ಮ ಕಸುಬು.

ಹೋದ ಮಾಗಿಯಾಗ ರೈಸ್ ಮಿಲ್ಲಿನ ಗೇಟಿನ ಮುಂದ
ಅಕ್ಕಿ ಹಸನ ಮಾಡೋ ಹೆಣ್ಣುಮಕ್ಕಳ ಮೀಟಿಂಗು.
ಟ್ರ್ಯಾಲಿನೇ ಸ್ಟೇಜು. ಒಳಗ ಮಿಲ್ಲು ಬಂದ್ ಆಗಿದ್ದಿಲ್ಲ,
ಫ್ಯಾನು, ಬೆಲ್ಟು, ಜರಡಿ, ಎಲ್ಲಾ ಕೂಡಿ ಒಂದೇ ಗುಂಯ್.
ಅವರು ಮಿಲ್ಲಿಗೆ ಬೆನ್ನು ಮಾಡಿ ನಿಂದ್ರೋರಿದ್ರು.
ಹಂಗ ನಿಂತ್ರ ಮಿಲ್ಲೇ ಬಾಷಣ ಮಾಡತೈತ್ರಿ ಅಕ್ಕ, ಅಂದೆ.
ಟ್ರ್ಯಾಲಿ ತಿರುಗಿಸಿದ್ವಿ.
ಮೈಕಿನ ಬೆನ್ನು ಮಿಲ್ಲಿಗೆ, ಹೆಣ್ಣುಮಕ್ಕಳ ಮುಖ ಮಿಲ್ಲಿಗೆ,
ನಾಕೂ ಹಾರ್ನಿನ ಬಾಯಿ ಸಾವಕಾರನ ಕಿಡಕಿಗೆ.
ಬೇಕಂತ ಮಾಡಿದ್ದಲ್ಲ ಸಾಹೇಬ್ರ, ವಿದ್ಯೆನೇ ಹಂಗೈತಿ,
ಅಂತ ಪೊಲೀಸರಿಗೆ ಹೇಳಿದೆ. ಅವರು ನಂಬಲಿಲ್ಲ.

ಅಂಬಮ್ಮ ಹತ್ತಿದಳು. ಸೆರಗು ಮೂಗಿನ ಮಟ ಸುತ್ತಿದ್ದಳು,
ಬಿಚ್ಚಿದಳು. ಇಪ್ಪತ್ತೆರಡು ವರ್ಷ ತೌಡಿನ ಧೂಳಿನಾಗ ಅಂದಳು,
ಮೂರು ಮಾತು, ಆಮ್ಯಾಲ ಕೆಮ್ಮು.
ಕೆಮ್ಮಿಗೆ ಗುಂಡಿ ಇಳಸಬೇಕು, ಅದು ನನ್ನ ಉಸ್ತಾದ ಹೇಳಿಕೊಟ್ಟ ಪಾಠ.
ಇಳಿಸಿದೆ. ಮತ್ತ ಮಾತು, ಏರಿಸಿದೆ. ಮತ್ತ ಕೆಮ್ಮು, ಇಳಿಸಿದೆ.
ಆಕಿ ಹಾರ್ನು ನೋಡಿದಳು, ನನ್ನ ಬೆರಳು ನೋಡಿದಳು.
'ಯಾಕೋ ತಮ್ಮಾ, ಸಣ್ಣ ಮಾಡಾಕತ್ತಿ?
ಅದನ್ನ ಹೇಳಾಕಂತನ ಬಂದೀನಿ.'

ಗುಂಡಿ ಬಿಟ್ಟು ಕೈ ಕಿಸೇದಾಗ ಇಟಗೊಂಡೆ.

ಕಾರ್ಡಿನಾಗ ಹನ್ನೊಂದು ನಿಮಿಷ ಐತಿ.
ಮಾತು ನಾಕು ಇರಬೇಕು.
ಯಾರೋ ಬಂದು ಸ್ವಚ್ಛ ಮಾಡಿಕೊಡು ಅಂದ್ರು,
ಸಾಫ್ಟ್‌ವೇರು ಕೆಟ್ಟೈತ್ರಿ ಅಂದೆ.
ಬಾಡಿಗಿ ಎಂಟುನೂರು ಇನ್ನೂ ಬಂದಿಲ್ಲ, ಕೇಳಾಕ ಹೋಗಿಲ್ಲ.

ಜಾಲರಿ ಬಿಚ್ಚು, ಎಡಕ್ಕ ತಿರುವು.
ಒಳಗ ಸ್ಪಂಜು ಐತಲ್ಲ, ಮೂಸಿ ನೋಡು.
ತೊಳೀಬೇಕು ಅಂತೀನಿ,
ಪ್ರತಿ ಸಲ ಇನ್ನೊಂದು ಮೀಟಿಂಗು ಬರತೈತಿ.